ನನ್ನ ಮನೆಯ ಪಾಳಿ

ಕೂಡಿದ ಮಹಾಜನರೇ, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರೇ, ಹನುಮಂತ ದೇವರ ಕಟ್ಟೆಗೆ ಒರಗಿ ಕೂತ ಹಿರಿಯರೇ, ಬೇವಿನ ಕೊಂಬೆಗೆ ಜೋತುಬಿದ್ದ ಪುಂಡರೇ, ಬಂಡಿ ಕಟ್ಟಿಕೊಂಡು ಆಚೆ ಊರಿನಿಂದ ಬಂದ ಬೀಗರೇ, ಜರಾ ಶಾಂತರಾಗಿ. ಹಿಂದೆ ಕೂತವರಿಗೆ ನನ್ನ ದನಿ ಮುಟ್ಟುತ್ತಿದೆಯೇ?

ದೋಸ್ತ ತುಕಾರಾಮ, ನಗಬೇಡ. ನಿನಗೊಂದು ಪತ್ರ ಬರೆಯೋಣವೆಂದು ಕೂತರೆ ಕೈ ತಾನಾಗಿ ಇದನ್ನೇ ಬರೆಯಿತು. ಮೀಸೆ ಮೂಡುವ ಮೊದಲೇ ಬಣ್ಣ ಹಚ್ಚಿಕೊಂಡು ಕಟ್ಟೆ ಹತ್ತಿದವನಿಗೆ ಒಬ್ಬನೊಂದಿಗೆ ಮಾತನಾಡುವುದು ಹೇಗೆಂದು ಯಾರೂ ಕಲಿಸಲಿಲ್ಲ. ನನ್ನ ಬಾಯಿಂದ ಸಣ್ಣ ದನಿ ಹೊರಡಿಸಿದವನು ನೀನೊಬ್ಬನೇ. “ನಾ ಇಲ್ಲೇ ಬಾಜೂಕ ಕೂತೀನಿ ಸಂಗ್ಯಾ, ಬೀದರ್‌ದಾಗ ಇಲ್ಲ” ಅನ್ನುತ್ತಿದ್ದೆ. ಈಗ ಬೀದರಿಗಿಂತ ದೂರ ಹೋಗಿದ್ದೀಯ. ಹಾಗಾಗಿ ಕೂಗುವ ಹಕ್ಕು ನನಗೆ ಮರಳಿ ಬಂದಿದೆ ಎಂದುಕೊಂಡಿದ್ದೇನೆ. ಎದುರಿಗೆ ಅಂಗಳ ಇದೆ, ತೊಗರಿ ಕಟ್ಟಿಗೆಯ ರಾಶಿ ಇದೆ, ಹೊತ್ತು ಇಳಿಯುತ್ತಿದೆ. ಸಭೆ ಇಷ್ಟೇ.

ಹೋದ ವಾರ ತೊಗರಿಯ ಭಾವ ವಿಚಾರಿಸಲು ನಾರಾಯಣಖೇಡಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಯೂಸುಫ್ ಭಾಯಿಯ ಹೋಟೆಲಿನಲ್ಲಿ ಟಿವಿ ಹಚ್ಚಿತ್ತು. ನಾಲ್ಕು ಮಂದಿ ನಾಲ್ಕು ಚೌಕದೊಳಗೆ ಕೂತು ತೆಲುಗಿನಲ್ಲಿ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ವಿಷಯ ಯಾವುದು ಗೊತ್ತೇ? ನಮ್ಮದೇ. ಹದಿನೆಂಟು ದಾಟಿದ ಪ್ರತಿಯೊಬ್ಬರನ್ನೂ ಒಂದೆರಡು ವರ್ಷ ಕಡ್ಡಾಯವಾಗಿ ಸೈನ್ಯಕ್ಕೆ ಕಳಿಸಬೇಕೋ ಬೇಡವೋ. ನಾನು ಬೇಕು ಅನ್ನುವವನು, ನೀನು ಬೇಡ ಅನ್ನುವವನು. ಒಬ್ಬ ಬೇರೆ ದೇಶಗಳ ಹೆಸರು ಹೇಳುತ್ತಿದ್ದ, ಇನ್ನೊಬ್ಬ ಸ್ವಾತಂತ್ರ್ಯ ಅನ್ನುತ್ತಿದ್ದ, ಮೂರನೆಯವನು ಮೇಜು ಗುದ್ದುತ್ತಿದ್ದ. ಯೂಸುಫ್ ಭಾಯಿ ಟಿವಿಯ ದನಿ ತಗ್ಗಿಸಿ ನನ್ನ ಕಡೆ ತಿರುಗಿದ. “ಸಂಗಪ್ಪಾ, ನಿಂದೇ ಮಾತು ನಡದದ ನೋಡು. ಇವರಿಗೆ ಆಗಲ್ಲ. ಎದ್ದು ನಿಂತು ಒಂದ್ಸಲ ಹೇಳಿಬಿಡು.”

ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿದರು. ನಾನು ಎದ್ದು ನಿಂತೆ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡೆ. ಎದುರಿನ ಬೆಂಚು ನೋಡಿದೆ. ಅಲ್ಲಿ ಗೊಬ್ಬರದ ಚೀಲ ಇಟ್ಟುಕೊಂಡು ಯಾರೋ ಅಪರಿಚಿತ ಕೂತಿದ್ದ. ನಾಟಕದಲ್ಲಿ ಎದುರಿನ ಪಾತ್ರಧಾರಿ ತನ್ನ ಮಾತು ಎತ್ತಿಕೊಡದಿದ್ದರೆ ನಮ್ಮ ಮಾತು ಹೊರಗೆ ಬರುವುದಿಲ್ಲ, ನಿನಗೆ ಗೊತ್ತಲ್ಲ. ಬಾಯಿ ತೆರೆದೆ. ಏನೂ ಬರಲಿಲ್ಲ. “ಬ್ಯಾಟ್ರಿ ಖತಂ ಆತೇನ್ರಿ?” ಎಂದು ಯಾರೋ ಅಂದರು, ನಕ್ಕರು. ನಾನೂ ನಕ್ಕು, ಚಹಾ ಅರ್ಧಕ್ಕೆ ಬಿಟ್ಟು ಬಸ್ ಹತ್ತಿದೆ. ಕಲ್ಹೇರ್ ದಾಟುವವರೆಗೂ ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಇಷ್ಟು ವರ್ಷ ಜಗಳವಾಡಿದೆವಲ್ಲ, ಆ ಮಾತುಗಳಲ್ಲಿ ಅರ್ಧ ನಿನ್ನವೇ ಆಗಿದ್ದವು ಎಂದು ನನಗೆ ಹೇಳಿದವರು ಯಾರು?

ನಮ್ಮ ಮೊದಲ ಜಗಳ ನೆನಪಿದೆಯೇ? ನೀನು ಸೈನ್ಯಕ್ಕೆ ಸೇರಿ ಮೊದಲ ರಜೆಗೆ ಬಂದ ವರ್ಷ. ನಿನಗೆ ಗೊತ್ತಿದ್ದದ್ದನ್ನೇ ಹೇಳುತ್ತಿದ್ದೇನೆ, ಆದರೆ ಮೊದಲಿಂದ ಹೇಳದಿದ್ದರೆ ನನ್ನ ನಾಲಿಗೆ ಏಳುವುದಿಲ್ಲ. ತೊಗರಿ ರಾಶಿಯಾದ ಮೇಲೆ ನಮ್ಮೂರಲ್ಲಿ ನಾಟಕ. ನಾಟಕಕ್ಕೆ ಪ್ರತಿ ಮನೆಯಿಂದ ಒಂದು ಆಳು, ಕಡ್ಡಾಯ. ಡಂಗುರ ಸಾರಿದ ಮೇಲೆ ಯಾರೂ ಒಲ್ಲೆ ಅನ್ನುವಂತಿಲ್ಲ. ಕಂಠಪಾಠ ಬರುವವರಿಗೆ ಮಾತಿನ ಪಾತ್ರ, ಬಾರದವರಿಗೆ ಕೈಯಲ್ಲಿ ಭರ್ಚಿ. ಹಾಗೆ ನಮ್ಮ ರಾಜನ ಬಳಿ ಸದಾ ದೊಡ್ಡ ಸೈನ್ಯ ಇರುತ್ತಿತ್ತು, ಮಂತ್ರಿ ಮಾತ್ರ ಒಬ್ಬನೇ. ಆ ವರ್ಷ ನಾನು ಮೊದಲ ಸಲ ಕಿರೀಟ ತೊಟ್ಟಿದ್ದೆ. ಕರೆಂಟ್ ಇರಲಿಲ್ಲ, ಎರಡು ಪೆಟ್ರೋಮ್ಯಾಕ್ಸ್ ಉರಿಯುತ್ತಿದ್ದವು. “ವೀರರೇ, ಶತ್ರು ಕೋಟೆಯ ಬಾಗಿಲಿಗೆ ಬಂದಿದ್ದಾನೆ, ಪ್ರಾಣದ ಹಂಗು ತೊರೆದವರು ಮುಂದೆ ಬನ್ನಿ” ಎಂದು ನಾನು ಗರ್ಜಿಸುವುದಕ್ಕೂ ತಲೆಯ ಮೇಲಿನ ಬಲ್ಬುಗಳು ಝಗ್ಗನೆ ಹತ್ತುವುದಕ್ಕೂ ಸರಿಹೋಯಿತು. ಜನ ಸಿಳ್ಳೆ ಹೊಡೆದರು. ನನ್ನ ಪ್ರತಾಪಕ್ಕೇ ದೀಪ ಹತ್ತಿತೆಂದು ಒಂದು ಕ್ಷಣ ನಾನೂ ನಂಬಿದೆ. ಆಗ ನರಸಪ್ಪನ ಹೆಂಡತಿ ಜನರ ನಡುವೆ ಎದ್ದು ನಿಂತು, “ಕರೆಂಟ್ ಬಂದದ, ಮೋಟರ್ ಚಾಲೂ ಮಾಡವರು ಯಾರು? ಶೇಂಗಾ ಒಣಗ್ಲತ್ತದ” ಅಂದಳು. ನರಸಪ್ಪ ತನ್ನ ಭರ್ಚಿಯನ್ನು ನನ್ನ ಕೈಗೆ ಕೊಟ್ಟು, “ಜರಾ ಹಿಡಕೋರಿ ಮಹಾರಾಜ, ಬಂದೆ” ಎಂದು ಕಟ್ಟೆಯಿಂದ ಜಿಗಿದ. ಅವನ ಹಿಂದೆ ಬಾವಿ ಇದ್ದವರೆಲ್ಲ ಜಿಗಿದರು. ಭರ್ಚಿಗಳ ಹೊರೆ ತಬ್ಬಿಕೊಂಡು ರಾಜನೊಬ್ಬ ಉಳಿದ. ನೀನು ಮುಂದಿನ ಸಾಲಿನಲ್ಲಿ, ಹೊಸದಾಗಿ ಕತ್ತರಿಸಿದ ಫೌಜಿ ಕ್ರಾಪಿನಲ್ಲಿ, ಹೊಟ್ಟೆ ಹಿಡಿದುಕೊಂಡು ಮಣ್ಣಿಗೆ ಉರುಳಿದ್ದೆ.

ಮರುದಿನ ಹೊಲದ ಬದುವಿನ ಮೇಲೆ ಕೂತು ನೀನೇ ತೆಗೆದೆ ಮಾತು.

“ನಿನ್ನ ಫೌಜು ನೋಡಿದೆ ಸಂಗ್ಯಾ. ಕರೆಂಟ್ ಬಂತು, ಅರ್ಧ ರಾಜ್ಯ ಖಾಲಿ ಆತು.”

“ಅದು ನಾಟಕ ಲೇ. ಖರೆ ಯುದ್ಧದಾಗ ಹಂಗ ಓಡಿದ್ರ ಗುಂಡು ಹಾಕ್ತಾರ.”

“ಯಾರಿಗಿ? ಶತ್ರುಗೋ, ನರಸಪ್ಪಗೋ?”

 ನೀನು ಜೋಳದ ದಂಟು ಮುರಿದು ಹಲ್ಲಿನಲ್ಲಿ ಸಿಗಿಯುತ್ತ ಹೇಳಿದೆ. “ತನ್ನ ಕಾಲಿಲೆ ಬಂದಂವನ್ನ ನನ್ನ ಬಾಜೂಕ ನಿಂದ್ರಸು, ನಾ ನಿಶ್ಚಿಂತಿ ನಿದ್ದಿ ಮಾಡ್ತೀನಿ. ಹಿಡದು ತಂದಂವನ್ನ ನಿಂದ್ರಿಸಿದ್ರ, ಶತ್ರೂನ್ನೂ ನಾನೇ ಕಾಯಬೇಕು, ಅಂವನ್ನೂ ನಾನೇ ಕಾಯಬೇಕು. ಒಬ್ಬ ಸಿಪಾಯಿಗಿ ಎರಡು ಡ್ಯೂಟಿ.”

ಆದರೆ ನಾನು ಸುಲಭಕ್ಕೆ ಬಿಡುವವನೇ? ದಾಲ್ ಮಿಲ್ಲಿನ ಸಾಹುಕಾರನ ಮಾತು ಎತ್ತಿದೆ. ಆತನ ಮನೆಯಿಂದ ನಾಟಕಕ್ಕೆ ಎಂದೂ ಆತನ ಮಗ ಬಂದಿಲ್ಲ, ಸಂಬಳದ ಆಳು ಹಣಮ್ಯಾನನ್ನು ಕಳಿಸುತ್ತಿದ್ದ. ಹಣಮ್ಯಾನ ಸ್ವಂತ ಮನೆಗೂ ಪಾಳಿ ಇತ್ತು, ಆ ಪಾಳಿಗೆ ಅವನ ಮುದಿ ತಂದೆ ಬರುತ್ತಿದ್ದ. ಅಪ್ಪ ಮಗ ಇಬ್ಬರೂ ಭರ್ಚಿ ಹಿಡಿದು ಅಕ್ಕಪಕ್ಕ ತೂಕಡಿಸುತ್ತಿದ್ದರು, ಸಾಹುಕಾರನ ಮಗ ಮುಂದೆ ಕುರ್ಚಿ ಹಾಕಿಸಿಕೊಂಡು ಯುದ್ಧ ಸಾಲದು ಎಂದು ಕೂಗುತ್ತಿದ್ದ. ದೇಶದಲ್ಲೂ ಇದೇ ನಡೆದಿದೆ ಎಂದೆ. ಯುದ್ಧ ಬೇಕೆನ್ನುವವರ ಮನೆಯಿಂದ ಯಾರೂ ಹೋಗುವುದಿಲ್ಲ. ಹೋಗುವವರಿಗೆ ಬೇರೆ ದಾರಿ ಇರುವುದಿಲ್ಲ. ಕಡ್ಡಾಯ ಮಾಡಿದರೆ ಸಾಹುಕಾರನ ಮಗನೂ ಹೋಗಬೇಕು, ಮಂತ್ರಿಯ ಮಗನೂ ಹೋಗಬೇಕು. ಆಗ ಯುದ್ಧಕ್ಕೆ ಕರೆ ಕೊಡುವ ಮುಂಚೆ ಒಬ್ಬೊಬ್ಬರೂ ತಮ್ಮ ಮನೆಯ ಹೊಸ್ತಿಲು ನೋಡಿಕೊಳ್ಳುತ್ತಾರೆ. ಹೇಗಿತ್ತು ನನ್ನ ಮಾತು? ನೀನು ಅಂದದ್ದು ಒಂದೇ. “ಕಾಯ್ದೆ ಬರಿಯವರು ಯಾರು? ಸಾಹುಕಾರನ ಬೀಗರು. ಅಂವನ ಮಗಗ ಕಾಲಾಗ ಏನೋ ದೋಷ ಅದ ಅಂತ ಡಾಕ್ಟರ ಚೀಟಿ ಬರ್ತದ. ಹಣಮ್ಯಾಗ ಎರಡು ಪಾಳಿ ಬರ್ತದ.”

ಹೀಗೆ ನಾವು ಮುದುಕರಾದೆವು. ನೀನು ರಜೆಗೆ ಬಂದಾಗಲೆಲ್ಲ ಬಿಟ್ಟಲ್ಲಿಂದ ಶುರು. ಒಂದು ಸಲ ನಾನು ನಿನ್ನನ್ನು ಕಟ್ಟಿಹಾಕಿದೆ, ಅದೂ ನೆನಪಿರಬೇಕು. ನಿಮ್ಮ ಓಣಿಯವರು ಹುಣಸೆಮರದ ಆಚೆ ನಿಂತು ನಾಟಕ ನೋಡಬೇಕಾಗಿದ್ದ ಕಾಲ ಒಂದಿತ್ತು. ಮನೆಗೊಂದು ಆಳು ಎಂಬ ಕಟ್ಟಳೆ ಬಂದಾಗ ಊರಿನವರು ಗೊಣಗಿದರು. ನಾಟಕದ ಹಳೆಯ ಮಾಸ್ತರರು, “ಎಲ್ಲಾ ಮನಿ ಅಂದ್ರ ಎಲ್ಲಾ ಮನಿ. ಇಲ್ಲಂದ್ರ ನಾ ಪೇಟಿ ಮುಟ್ಟಂಗಿಲ್ಲ” ಎಂದು ಹಾರ್ಮೋನಿಯಂ ಮುಚ್ಚಿಬಿಟ್ಟರಂತೆ. ನಿಮ್ಮಪ್ಪ ಕಟ್ಟೆ ಹತ್ತಿದ್ದು ಹಾಗೆ. “ಕಡ್ಡಾಯ ಇರಲಿಲ್ಲಂದ್ರ ನಿಮ್ಮಪ್ಪಗ ಯಾರು ಕಟ್ಟಿ ಹತ್ತಸ್ತಿದ್ರು ಹೇಳು” ಎಂದೆ. ಗೆದ್ದೆನೆಂದೇ ತಿಳಿದಿದ್ದೆ. ನೀನು ಒಪ್ಪಿಕೊಂಡೇ ಶುರು ಮಾಡಿದೆ.

“ಖರೆ. ಕಟ್ಟಿ ಹತ್ತಸ್ತು ನಿಮ್ಮ ಕಾಯ್ದೆ. ಹತ್ತಿಸಿ ಕೈಯಾಗ ಏನ್ ಕೊಡ್ತು? ಭರ್ಚಿ. ಕಿರೀಟ ಯಾರ ತಲಿ ಮ್ಯಾಲ ಇತ್ತು, ಸಂಗ್ಯಾ?”

ನೀನು ರಿಟೈರ್ ಆಗಿ ಬಂದ ವರ್ಷ ನಾನೇ ಕಿರೀಟ ತಂದು ನಿನ್ನ ತಲೆಗಿಟ್ಟೆ. ನಿಂತ ನಿಲುವು ನೋಡಿ ಜನ ಉಸಿರು ಹಿಡಿದರು, ನಿಜವಾದ ಸೈನಿಕ ರಾಜನಾದರೆ ಹೀಗಿರುತ್ತಾನೆ. ಆದರೆ ದನಿ? ಮೂರನೆಯ ಸಾಲಿಗೂ ಮುಟ್ಟಲಿಲ್ಲ. ಪರದೆಯ ಹಿಂದಿನಿಂದ ನಾನು ಹೇಳಿಕೊಟ್ಟ ಮಾತು ಊರಾಚೆಯ ಕೆರೆಗೆ ಕೇಳಿತು. ರಾಜನ ಬಾಯಿ ಆಡುವ ಮೊದಲೇ ರಾಜನ ಗರ್ಜನೆ ಬರುತ್ತಿತ್ತು. “ಇಬ್ಬರೂ ಸೇರಿ ಒಂದ್ ರಾಜ ಆಗ್ಯಾರ ನೋಡ್ರಿ” ಎಂದು ನರಸಪ್ಪ ಭರ್ಚಿ ಹಿಡಿದುಕೊಂಡೇ ಅಂದ. ಅದಕ್ಕಿಂತ ನಿಜವಾದ ಮಾತನ್ನು ನಮ್ಮಿಬ್ಬರ ಬಗ್ಗೆ ಯಾರಾದರೂ ಆಡಿದ್ದಾರೆಯೇ?

ಜಹೀರಾಬಾದಿನ ದವಾಖಾನೆಯಲ್ಲಿ ಆ ಸಂಜೆ ನಾನು ನಿನ್ನ ಮಂಚದ ತುದಿಗೆ ಕೂತಿದ್ದೆ. ಮೂಗಿಗೆ ನಳಿಕೆ ಹಾಕಿದ್ದರು. ನಿನಗೆ ಮಾತು ಬೇಡ ಅಂದಿದ್ದರು, ನನಗೂ ಬೇಡ ಅಂದಿದ್ದರು, ಪಕ್ಕದ ವಾರ್ಡಿನವರು ದೂರು ಕೊಟ್ಟಿದ್ದರಂತೆ. ನೀನು ಕಣ್ಣು ತೆರೆದು ಬೆರಳಿನಿಂದ ಹತ್ತಿರ ಕರೆದೆ. “ಸಂಗ್ಯಾ, ನಿಂದೂ ಒಂದು ಮಾತು ಖರೆ ಅದ. ಆದ್ರ…” ಅಷ್ಟರಲ್ಲಿ ನರ್ಸಮ್ಮ ಬಾಟ್ಲಿ ಬದಲಿಸಲು ಬಂದಳು, ನನ್ನನ್ನು ಹೊರಗೆ ಕಳಿಸಿದಳು. ಮತ್ತೆ ಒಳಗೆ ಹೋದಾಗ ನಿದ್ದೆಯಲ್ಲಿದ್ದೆ. ಆ ನಿದ್ದೆಯಿಂದ ನೀನು… ಯಾವ ಮಾತು ತುಕಾರಾಮ? ಸಾಹುಕಾರನ ಮಗನದೋ? ಕಟ್ಟೆಯದೋ? ಆದ್ರ ಏನು?

ಹೊಲಕ್ಕೆ ಹೋಗುವಾಗ ಬರುವಾಗ ಇದನ್ನೇ ತಿರುವಿ ಹಾಕುತ್ತೇನೆ. ಮನೆಗೆ ಬಂದರೆ ಕೇಳುವವರಿಲ್ಲ. ನನ್ನ ಹೆಂಡತಿ ನಿನಗಿಂತ ಮೊದಲೇ ಹೋದಳು. ಹೆಣ್ಣುಮಕ್ಕಳಿಬ್ಬರೂ ತಮ್ಮ ತಮ್ಮ ಮನೆಯಲ್ಲಿ ಚೆನ್ನಾಗಿದ್ದಾರೆ, ಫೋನಿನಲ್ಲಿ “ಅಪ್ಪಾ, ಸಣ್ಣಗ ಮಾತಾಡು, ಕಿವಿ ನೋಯ್ತದ” ಅನ್ನುತ್ತಾರೆ. ಅಡುಗೆಮನೆಯಲ್ಲಿ ಒಮ್ಮೆ ಒಲೆಗೆ ಎದುರಾಗಿ ನಿಂತು ಇಡೀ ದರ್ಬಾರಿನ ಸೀನು ಹೇಳಿದೆ. ಹೇಳಿ ಮುಗಿಸಿದ ಮೇಲೆ ಮನೆ ಮೊದಲಿಗಿಂತ ದೊಡ್ಡದಾದಂತೆ ಕಂಡಿತು. ಆಮೇಲೆ ಹಾಗೆ ಮಾಡಿಲ್ಲ.

ನಿನ್ನ ದಿನಕರ್ಮ ಮುಗಿದು ಕೆಲವು ದಿನಕ್ಕೆ ನಿನ್ನ ಮೊಮ್ಮಗಳು ರಮಾ ನನ್ನ ಅಂಗಳಕ್ಕೆ ಬಂದಳು. ಜಹೀರಾಬಾದಿನ ಕಾಲೇಜಿನಿಂದ ಬಸ್ ಇಳಿದು, ಚೀಲ ಹೆಗಲಲ್ಲಿಟ್ಟುಕೊಂಡೇ ಬಂದು, ನೀನು ಕೂರುತ್ತಿದ್ದ ಜಾಗದಲ್ಲೇ ಕೂತಳು. “ಮುತ್ಯಾ, ನಮ್ಮ ಮುತ್ಯಾ ಸೋತಿಲ್ಲ. ಅಂವನ ಕಡಿಯಿಂದ ನಾ ಇದ್ದೀನಿ. ಹೇಳ್ರಿ ಏನ್ ಹೇಳ್ತೀರಿ” ಅಂದಳು. ಅಂದಿನಿಂದ ದಿನಾ ಸಂಜೆ ಬರುತ್ತಾಳೆ. ನಾನು ಎಲ್ಲರಿಗೂ ಕಡ್ಡಾಯ ಎಂದರೆ, “ಕಡ್ಡಾಯ ಮಾಡಿದ್ರ ನಾ ಆಗಿ ಹೋಗೋದಕ್ಕ ಏನ್ ಕಿಮ್ಮತ್ತು ಉಳೀತು?” ಅನ್ನುತ್ತಾಳೆ. ಕಿಮ್ಮತ್ತಲ್ಲ ಮಗಳೇ, ಸಮಾನತೆ ಎಂದರೆ, “ಮೊದಲ ಸಾಲಿ ಸಮಾನ ಮಾಡ್ರಿ, ದವಾಖಾನಿ ಸಮಾನ ಮಾಡ್ರಿ. ಬಂದೂಕಿನಿಂದೇ ಯಾಕ ಶುರು ಮಾಡ್ತೀರಿ?” ನಿನ್ನ ಮಾತಿಗಿಂತ ಚೂಪು. ದನಿ ಮಾತ್ರ ನಿನ್ನದಲ್ಲ, ಕೊನೆಯ ಸಾಲಿಗೂ ಮುಟ್ಟುತ್ತದೆ. ಅವಳು ಬರುವ ಬಸ್ಸು ತಡವಾದರೆ ನಾನು ಚಹಾಕ್ಕೆ ನೀರು ಇಡುವುದಿಲ್ಲ.

“ನಾ ಆಗಿ ಹೋಗೋದು” ಎಂದಾಗಲೇ ನನಗೆ ಹೊಳೆಯಬೇಕಿತ್ತು. ಹುಡುಗಿ ಮುಂಜಾನೆ ಕೆರೆಯ ದಾರಿಯಲ್ಲಿ ಓಡುವುದನ್ನು ಊರೆಲ್ಲ ನೋಡಿತ್ತು, ಮೈ ಹಗುರ ಮಾಡಿಕೊಳ್ಳುತ್ತಾಳೆ ಎಂದುಕೊಂಡಿತ್ತು.

ನಿನ್ನೆ ಸಂಜೆ ವೈನಿ ಹೇಳಿಕಳಿಸಿದಳು. ಹೋದೆ. ನಿನ್ನ ಹೆಂಡತಿ ಕಮಲಾ ವೈನಿ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದಳು. ತಾಂಡೂರಿನಿಂದ ನಿನ್ನ ಮಗ ಗೌತಮ ಬಂದಿದ್ದ, ಕಲ್ಲಿನ ಕಾರ್ಖಾನೆಯ ಬಿಳಿ ಹುಡಿ ಇನ್ನೂ ಹುಬ್ಬಿನಲ್ಲಿತ್ತು. ರಮಾ ಬಾಗಿಲಿಗೆ ಒರಗಿ ನಿಂತಿದ್ದಳು.

“ಬರ್ರಿ ಅಣ್ಣಾ, ಕೂಡ್ರಿ. ನಿಮ್ಮ ಪಂಚಾಯ್ತಿ ಬೇಕಾಗ್ಯಾದ” ಅಂದಳು ವೈನಿ. “ಈ ಹುಡುಗಿ ಮಿಲಿಟರಿಗಿ ಹೋಗ್ತಾಳಂತ. ಹೆಣ್ಮಕ್ಕಳಿಗೂ ಭರ್ತಿ ಅದಂತ. ನಾಡದ್ ಮುಂಜಾನಿ ಮೊದಲ್ನೇ ಬಸ್ಸಿಗಿ ಹೋಗಬೇಕಂತ. ನೀವು ಬ್ಯಾಡ ಅನ್ರಿ. ನಿಮ್ಮ ದನಿಗಿ ಅಂಜ್ತಾಳ.”

“ನಾ ಯಾರಿಗೂ ಅಂಜಂಗಿಲ್ಲ ಆಯಿ.”

“ನೋಡ್ರಿ ಹೆಂಗ ಅಂತಾಳ.”

ನಾನು ಗೌತಮನ ಮುಖ ನೋಡಿದೆ. ಅವನು ಕೈ ಮುಗಿದ. “ನನಗ ಕೇಳಬ್ಯಾಡ್ರಿ ಕಾಕಾ. ಈ ಕಡಿ ಅವ್ವ, ಆ ಕಡಿ ಮಗಳು. ಕಲ್ಲು ಕೊಯ್ಯೋ ಮಶೀನಿನ್ಯಾಗ ಸಿಕ್ಕಂಗ ಆಗ್ಯಾದ.”

ವೈನಿ ಮೊರ ಕೆಳಗಿಟ್ಟಳು. “ಈ ಮನಿ ಪಾಳಿ ಮುಗದದ ಅಣ್ಣಾ. ನಿಮ್ಮ ನಾಟಕದಾಗೂ ಮನಿಗಿ ಒಂದೇ ಆಳು. ನಾವು ಕೊಟ್ಟೀವಿ. ಅವರು ಬರಫದಾಗ ಬಂದೂಕು ಹಿಡದು ನಿಂತ್ರು ಅಂತ ಊರೆಲ್ಲಾ ಅಂತದ. ಹೌದು, ನಿಂತ್ರು. ಇಲ್ಲಿ ಮಾವಗ ಲಕ್ವಾ ಹೊಡದು ಕೈಕಾಲು ಬಿದ್ದಾಗ ಎತ್ತಿ ಕೂಡಿಸಿದಾಕಿ ಯಾರು? ಈ ಗೌತಮನ ಮುಖ ಅವರು ನೋಡಿದ್ದು, ಇಂವ ತೆವಳಾಕ ಹತ್ತಿದ ಮ್ಯಾಲ. ಹೆಸರು ಒಬ್ಬರದೇ ಹೋಗ್ತದ ಅಣ್ಣಾ. ಮನಿ ಪೂರಾ ಹೋಗ್ತದ.”

“ಆದ್ರ ಮುತ್ಯಾ ತನ್ನ ಮನಸಿಲೆ ಹೋಗಿದ್ದ ಆಯಿ. ಅಂವಗ ಯಾರೂ ಕಡ್ಡಾಯ ಮಾಡಿದ್ದಿಲ್ಲ” ಅಂದಳು ರಮಾ.

“ಅವರು ತಮ್ಮ ಮನಸಿಲೆ ಹೋದ್ರು ತಂಗೀ. ನನಗ ಯಾರು ಕೇಳಿದ್ರು? ನನಗ ಅದು ಕಡ್ಡಾಯನೇ ಆಗಿತ್ತು.”

ತುಕಾರಾಮ, ಬದುವಿನ ಮೇಲೆ, ಹೋಟೆಲಿನಲ್ಲಿ, ಬಸ್ಸಿನಲ್ಲಿ, ದವಾಖಾನೆಯಲ್ಲಿ ನಾವಿಬ್ಬರೂ ಎಷ್ಟು ಅರಚಿದೆವು. ಈ ಮಾತು ನಿನ್ನ ಮನೆಯ ಪಡಸಾಲೆಯಲ್ಲೇ ಕೂತಿತ್ತು. ನಿನಗೆ ಗೊತ್ತಿತ್ತೇ? ಎಂದಾದರೂ ಅವಳು ನಿನಗೆ ಹೇಳಿದ್ದಳೇ?

ಆಮೇಲೆ ವೈನಿ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ, ಕೇಳಬೇಕಾದ ಪ್ರಶ್ನೆ ಎಂಬಂತೆ ಕೇಳಿದಳು. “ಎಲ್ಲಾ ಮನಿಯವರೂ ಕೊಡಬೇಕು ಅಂತ ಇಷ್ಟ್ ವರ್ಷ ಒದರಿದ್ರಿ. ನಿಮ್ಮ ಮನಿಯಿಂದ ಯಾರು ಹೋಗ್ಯಾರ ಅಣ್ಣಾ?”

“ಯಾರೂ ಇಲ್ಲ ವೈನಿ” ಎಂದೆ. ನನ್ನ ದನಿ ಮೂರನೆಯ ಸಾಲಿಗೂ ಮುಟ್ಟುವಂತಿರಲಿಲ್ಲ.

ಆಗ ರಮಾ ಬಾಗಿಲು ಬಿಟ್ಟು ಒಳಗೆ ಬಂದು ನಮ್ಮ ನಡುವೆ ಕೂತಳು. “ಹಂಗಿದ್ರ ಸಂಗಪ್ಪ ಮುತ್ಯಾನ ಮನಿ ಪಾಳಿ ಬಾಕಿ ಅದ. ನಾ ಅವರ ಮನಿ ಬದಲಿ ಹೋಗ್ತೀನಿ. ನಮ್ಮ ಮನಿ ಲೆಕ್ಕಕ್ಕ ಹಿಡೀಬ್ಯಾಡ ಆಯಿ.”

ಗೌತಮ ನಕ್ಕುಬಿಟ್ಟ. ವೈನಿ ನಗಲಿಲ್ಲ. ನಾನೂ ನಗಲಿಲ್ಲ. ಊರಿನ ಬದಲಿ ಎಂದರೆ ಸಾಹುಕಾರ ಹಣಮ್ಯಾನನ್ನು ಕಳಿಸಿದಂತಲ್ಲ, ಅದು ನನಗೂ ವೈನಿಗೂ ಗೊತ್ತು. ಮುದುಕರೋ ರೋಗಿಗಳೋ ಇರುವ, ಆಳಿಲ್ಲದ ಮನೆಯವರು ಬೇರೆ ಮನೆಯ ಆಳನ್ನು ತಮ್ಮ ಹೆಸರಿನಲ್ಲಿ ಕಟ್ಟೆಗೆ ಕಳಿಸಬಹುದು. ಆದರೆ ಪರದೆ ಬೀಳುವ ತನಕ ಆ ಆಳಿನ ಮನೆಯ ಕೆಲಸವೆಲ್ಲ ಕಳಿಸಿದವರ ಪಾಲು. ನೀರು, ಸಗಣಿ, ಹಿಂಡುವುದು, ಮುದುಕರ ಔಷಧಿ, ಎಲ್ಲ. ಕಟ್ಟೆಯಿಂದ ಬಿದ್ದು ಕಾಲು ಮುರಿದರೆ ಆ ಕಾಲಿನ ಹೊಣೆಯೂ ಅವರದೇ. ಬದಲಿ ತೆಗೆದುಕೊಳ್ಳುವುದೆಂದರೆ ಮುಂದೆ ಆಗಬಹುದಾದದ್ದನ್ನೆಲ್ಲ ತನ್ನ ಮನೆಯ ಹೊಸ್ತಿಲಿಗೆ ತಂದಿಟ್ಟುಕೊಳ್ಳುವುದು.

ವೈನಿ ಹುಡುಗಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. “ಆಕಿ ಮಾತಿನ್ಯಾಗ ಅಜ್ಜನ್ನ ಮೀರ್ಯಾಳ. ನೀವು ಏನಂತೀರಿ? ಬದಲಿ ತಗೋತೀರೇನು? ತಗೊಂಡ್ರ ನಾ ಅಡ್ಡ ಬರಂಗಿಲ್ಲ. ಇಲ್ಲಂದ್ರ ಆಕಿ ಈ ಮನಿ ದಾಟಂಗಿಲ್ಲ. ಎಮ್ಮಿ ಒದೀತದ, ಅದೂ ಮೊದಲೇ ಹೇಳಿಬಿಡ್ತೀನಿ.”

“ಒಂದಿನ ಕೊಡ್ರಿ ವೈನಿ.”

ರಮಾ ನನ್ನ ಮುಖ ನೋಡಿದಳು. ಸಂಜೆಯ ಜಗಳದಲ್ಲಿ ನಾನು ಸುಮ್ಮನಾದಾಗ ನೋಡುವಂತೆ ನೋಡಲಿಲ್ಲ. ಇದು ಬೇರೆ. ಇಡೀ ಜೀವ ಕಣ್ಣಿಗೆ ಬಂದಿತ್ತು.

ಇವತ್ತು ಸಂಜೆ ಅವಳು ಬಂದಿಲ್ಲ. ಬರುವುದು ಸರಿಯಲ್ಲ ಎಂದು ಅವಳಿಗೂ ಗೊತ್ತು. ನಿನ್ನೆದುರು ನಾಟಕ ಮಾಡಿ ಏನು ಪ್ರಯೋಜನ, ನಿಜ ಹೇಳುತ್ತೇನೆ. ನಿನ್ನೆ ಮನೆಗೆ ಬರುವ ದಾರಿಯಲ್ಲಿ ನನ್ನ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ದೇಶದ ಮಾತಲ್ಲ, ಹುಡುಗಿಯ ಮಾತೂ ಅಲ್ಲ. ಇಲ್ಲ ಅಂದುಬಿಟ್ಟರೆ ಅವಳು ನಾಳಿದ್ದೂ ಸಂಜೆ ಬರುತ್ತಾಳೆ. ಸಿಟ್ಟಿನಿಂದ ಕೆಲವು ದಿನ ಬರಲಿಕ್ಕಿಲ್ಲ, ಆಮೇಲೆ ಬರುತ್ತಾಳೆ, ಚೀಲ ಇಳಿಸದೆ ಕೂರುತ್ತಾಳೆ, ನಾನು ಚಹಾಕ್ಕೆ ನೀರು ಇಡುತ್ತೇನೆ. ಒಂದೇ ಮಾತು ಸಾಕು. ಆ ಮಾತಿಗೆ ಒಳ್ಳೆಯ ಕಾರಣಗಳನ್ನೂ ಪೋಣಿಸಬಲ್ಲೆ. ನಾಲ್ಕು ವರ್ಷದ ನೌಕರಿ, ಆಮೇಲೆ ಎಲ್ಲರನ್ನೂ ಇಟ್ಟುಕೊಳ್ಳುವುದಿಲ್ಲವಂತೆ. ಡಿಗ್ರಿ ಅರ್ಧಕ್ಕೆ ನಿಲ್ಲುತ್ತದೆ. ವೈನಿಗೆ ಸಕ್ಕರೆ ಕಾಯಿಲೆ. ಒಂದು ಸುಳ್ಳೂ ಇಲ್ಲ ಇದರಲ್ಲಿ. ಆದರೂ ಆ ಕಾರಣಗಳನ್ನು ಒಂದೊಂದಾಗಿ ಹೇಳಿ ನೋಡಿದರೆ ಪ್ರತಿಯೊಂದರ ಕೊನೆಗೂ ನನ್ನ ಖಾಲಿ ಅಂಗಳ ಕಾಣುತ್ತಿತ್ತು.

ನಾನು ಸೋತಿಲ್ಲ, ತಿಳಿದಿರಲಿ. ಸಾಹುಕಾರನ ಮಗ ಹೋಗಬೇಕೆಂದು ಈಗಲೂ ಅನ್ನುತ್ತೇನೆ. ಬಡವರ ಓಣಿಯಿಂದಲೇ ಸಿಪಾಯಿಗಳು ಹೋಗುವ ದೇಶ ಸರಿಯಿಲ್ಲ ಎಂದು ಈಗಲೂ ಅನ್ನುತ್ತೇನೆ. ಹಿಡಿದು ತಂದವನ ಕೈಯ ಭರ್ಚಿ ಯಾರ ಕೈಗೆ ಬಂತೆಂದು ನಾನೇ ಕಂಡಿದ್ದೇನೆ, ನೀನೂ ಸೋತಿಲ್ಲ. ಆದರೆ ಇಷ್ಟು ವರ್ಷ ನಾನು ಎಲ್ಲರ ಮನೆ, ಎಲ್ಲರ ಮನೆ ಎಂದು ಕೂಗಿದೆನಲ್ಲ. ಎಲ್ಲರ ಮನೆ ಎಂಬ ಮನೆ ಯಾವ ಊರಲ್ಲೂ ಇಲ್ಲ ದೋಸ್ತ. ಒಂದೊಂದಕ್ಕೂ ಒಂದೊಂದು ಬಾಗಿಲು, ಬಾಗಿಲಲ್ಲಿ ಯಾರೋ ಒಬ್ಬರು ನಿಂತಿರುತ್ತಾರೆ. ನಿನ್ನ ಬಾಗಿಲಲ್ಲಿ ವೈನಿ ಅಷ್ಟು ವರ್ಷ ನಿಂತಿದ್ದಳು. ಈಗ ಅವಳನ್ನು ಇನ್ನೊಮ್ಮೆ ನಿಲ್ಲಿಸುವುದೋ, ಅಥವಾ…

ಅವಳು ನಿಲ್ಲುವುದು ಬೇಡ. ಈ ಸಲ ನಾನು ನಿಲ್ಲುತ್ತೇನೆ. ಕಾಯುವುದೆಂದರೆ ಏನೆಂದು ನನಗೆ ಗೊತ್ತಿಲ್ಲ, ನನ್ನ ಪಾತ್ರದಲ್ಲಿ ಅದು ಎಂದೂ ಬರಲಿಲ್ಲ. ರಾಜ ಕರೆ ಕೊಡುತ್ತಾನೆ, ಪರದೆ ಬೀಳುತ್ತದೆ. ಫೋನ್ ಬರದ ದಿನ ವೈನಿಯ ಎದುರು ಏನೂ ಆಗಿಲ್ಲವೆಂಬಂತೆ ಕೂರುವುದು ಹೇಗೆ, ಟಿವಿಯಲ್ಲಿ ಗಡಿಯ ಸುದ್ದಿ ಬಂದಾಗ ಎದ್ದು ಚಾನೆಲ್ ಬದಲಿಸುವುದು ಹೇಗೆ, ವೈನಿಯನ್ನೇ ಕೇಳಿ ಕಲಿಯಬೇಕು. ಹುಡುಗಿಗೆ ಏನಾದರೂ ಆದರೆ… ಆ ವಾಕ್ಯ ಮುಗಿಸುವ ಧೈರ್ಯ ನನಗಿಲ್ಲ, ಆದರೆ ಅದು ನನ್ನ ಹೊಸ್ತಿಲಿಗೆ ಬರಬೇಕಾದ ವಾಕ್ಯ ಎಂದು ಒಪ್ಪಿಕೊಂಡಿದ್ದೇನೆ. ನಿನ್ನ ಮೊಮ್ಮಗಳು ಆರಿಸಿ ಬರುತ್ತಾಳೋ, ಓಟದಲ್ಲಿ ಹಿಂದುಳಿದು ಸಂಜೆಯ ಬಸ್ಸಿಗೇ ಮರಳುತ್ತಾಳೋ ಗೊತ್ತಿಲ್ಲ. ಮರಳಿದರೆ ಚಹಾ ಕೊಡುತ್ತೇನೆ. ಮರಳದಿದ್ದರೆ ನಿನಗೆ ಇನ್ನೊಂದು ಸುದ್ದಿ ಇರುತ್ತದೆ.

ನಾಳೆ ಬೆಳಿಗ್ಗೆ ಮೊದಲನೆಯ ಬಸ್ಸಿಗಿಂತ ಮುಂಚೆ ನಿನ್ನ ಮನೆಗೆ ಹೋಗುತ್ತೇನೆ. ವೈನಿಯ ಎದುರು ನಿಂತು, ಪಕ್ಕದ ಮನೆಗೂ ಕೇಳಿಸದ ದನಿಯಲ್ಲಿ, “ಬದಲಿ ತಗೊಂಡೆ” ಅನ್ನುತ್ತೇನೆ. ಹುಡುಗಿಯ ಜೊತೆ ಗೌತಮ ಹೋಗುತ್ತಾನೆ. ನಾನು ಸ್ಟಾಪಿಗೆ ಹೋಗುವುದಿಲ್ಲ, ಅಷ್ಟು ಹೊತ್ತಿಗೆ ಎಮ್ಮೆ ಹಿಂಡಬೇಕು. ಹಿಂಗಾಲಿಗೆ ಹಗ್ಗ ಕಟ್ಟಿ, ಚರಿಗೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂರುತ್ತೇನೆ. ಒದ್ದರೆ ಒದೆಯಲಿ. ಕೆರೆಯ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆದಾಗ ತಲೆ ಎತ್ತುವುದಿಲ್ಲ, ಹಿಂಡುತ್ತಲೇ ಇರುತ್ತೇನೆ.

ನಿನ್ನ ದೋಸ್ತ,
ಸಂಗ್ಯಾ